ದೇವವ್ವ ತಡ ಮಾಡಿದ ನಾಲ್ಕು ದಿನ

ಬೆಳಗಿನ ಆರಕ್ಕೆ ಬೆಟಗೇರಿಯ ಹಂಚಿನ ಮನೆಯೊಂದರ ಹಿತ್ತಲಲ್ಲಿ ನಲವತ್ತೆರಡು ಮೊಲಗಳು ಒಮ್ಮೆಲೇ ಕಿವಿ ನಿಮಿರಿಸುತ್ತವೆ. ಅಸುಂಡಿಯ ಮೊದಲ ಬಸ್ಸಿಗೆ ದೇವವ್ವ ಬಂದಿಳಿದರೆಂದು ಅವಕ್ಕೆ ನನಗಿಂತ ಮೊದಲೇ ಗೊತ್ತು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಬಗಲಲ್ಲಿ ರೊಟ್ಟಿ ಗಂಟು. "ಏಳ್ರೆಲೇ, ಹೊತ್ತೇರಿತು!" ಎಂದು ಗದರುತ್ತಲೇ ಒಳಗೆ ಬರುತ್ತಾರೆ.

ಹುಲ್ಲು ಹಾಕಿ, ಗೂಡು ಬಳಿದು, ಒಂದು ಬಿಳಿ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಎರಡು ಅಂಗೈ ನಡುವೆ ಅದರ ಕಿವಿಯನ್ನು ಮೆಲ್ಲಗೆ ತಿಕ್ಕುತ್ತಾರೆ. ಕಿವಿ ಬಿಸಿಯಾಗಿ ನರ ಉಬ್ಬುತ್ತದೆ, ಸೂಜಿ ಇಳಿಯುತ್ತದೆ, ಸೀಸೆಗೆ ರಕ್ತ ತೊಟ್ಟಿಕ್ಕುತ್ತದೆ. ಮೊಲಕ್ಕೆ ಏನೂ ಆಗಲಿಲ್ಲ, ತಲೆ ಸುತ್ತಿದ್ದು ಪತ್ರಿಕೆಗೆ ಬರೆಯಲು ಬಂದಿದ್ದ ನನಗೆ.

"ಕುಂಡ್ರಿ ಸಾಹೇಬ್ರ. ನೀವು ಬಿದ್ರ ಎತ್ತಾಕ ಇಲ್ಲಿ ನಾ ಒಬ್ಬಾಕೀನ ಅದೀನಿ," ಎಂದು ನಕ್ಕರು.

ಈ ಮನೆ ಡಾ. ತಾರಾಬಾಯಿ ಬೆಳ್ಳಟ್ಟಿ ಅವರ ಪ್ರಯೋಗಶಾಲೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬಾಯಿ ಕ್ಯಾನ್ಸರಿನ ರೋಗಿಗಳಿಂದ ಶಸ್ತ್ರವೈದ್ಯರು ತೆಗೆದ ಗಂಟಿನ ಚೂರು ಇಲ್ಲಿಗೆ ಬರುತ್ತದೆ. ಆ ಗಂಟನ್ನು ಗುರುತಿಸುವ ಪ್ರತಿಕಾಯಗಳನ್ನು ಮೊಲದ ರಕ್ತದಿಂದ ಪಡೆಯುವುದು ತಾರಾಬಾಯಿಯವರ ಕೆಲಸ. ಇದನ್ನು ನನಗೆ ತಿಳಿಯುವಂತೆ ಹೇಳಿದ್ದು ಮೂರನೇ ಇಯತ್ತೆಯವರೆಗೆ ಓದಿದ ದೇವವ್ವ.

"ಗಂಟಿನ ತುಣುಕು ಅರದು ಮೊಲಕ್ಕ ಚುಚ್ತಾರ್ರಿ. ಮೊಲದ ರಕ್ತ 'ಇವಾ ಕಳ್ಳ' ಅಂತ ಗುರುತ ಇಟ್ಕೊಂತೈತಿ. ಆಮ್ಯಾಲ ಎಲ್ಲಿ ಕಂಡ್ರೂ ಬಿಡೂದಿಲ್ಲ, ಹಿಡದು ಅಂಟ್ಕೊಂತೈತಿ. ಅದರ ಬೆನ್ನಿಗೆ ಔಷಧ ಕಟ್ಟಿ ಕಳಿಸಿದ್ರ ಸೀದಾ ಕಳ್ಳನ ಮನೀಗೇ ಹೋಗಬೇಕು. ಅದು ನಮ್ಮ ತಾರಾಬಾಯಾರ ಆಸೆ."

ದೇವವ್ವನ ಗಂಡ ತಿರಕಪ್ಪ ತಂಬಾಕಿನ ಚಟದವರು. ದವಡೆಯಲ್ಲಿ ಗಂಟೆದ್ದು ಎಪ್ಪತ್ತಮೂರನೇ ಇಸವಿಯಲ್ಲಿ ತೀರಿಕೊಂಡರು. ಅವರ ಗಂಟಿನ ಚೂರನ್ನೂ ತಾರಾಬಾಯಿಯೇ ಕೇಳಿ ಪಡೆದಿದ್ದರು. ಅದು ಏನಾಯಿತೆಂದು ವಿಚಾರಿಸಲು ಬಂದ ದೇವವ್ವ ಇಲ್ಲೇ ಕೆಲಸಕ್ಕೆ ನಿಂತರು. ಹನ್ನೊಂದು ವರ್ಷವಾಯಿತು.

ಇನ್ನು ಆ ನಾಲ್ಕು ದಿನದ ಸುದ್ದಿ. ಎಪ್ಪತ್ತೊಂಬತ್ತರ ಮಳೆಗಾಲ. ಕೊನೆಯ ಚುಚ್ಚುಮದ್ದಿನ ಹತ್ತನೇ ದಿನ ರಕ್ತ ತೆಗೆ ಎಂದು ಹೇಳಿ ತಾರಾಬಾಯಿ ಮುಂಬೈಗೆ ಹೋಗಿದ್ದರು. ಹತ್ತನೇ ದಿನ ಮಂಗಳವಾರ. ಆಗ ದೇವವ್ವನ ಊರಲ್ಲಿ ಗ್ರಾಮದೇವತೆ ದುರಗವ್ವನ ಹೆಸರಿನಲ್ಲಿ ವಾರ ಹಿಡಿದಿದ್ದರು. ಐದು ಮಂಗಳವಾರ, ಐದು ಶುಕ್ರವಾರ ಯಾರೂ ಎತ್ತು ಹೂಡುವಂತಿಲ್ಲ, ಕುಡಗೋಲು ಮುಟ್ಟುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಅಂಥ ದಿನ ರಕ್ತ ತೆಗೆಯುವುದೆಂದರೆ!

"ಮಂಗಳಾರ ವಾರ. ಬುಧವಾರ ಅಮಾಸಿ. ಗುರುವಾರ ಕರಿ, ಅವತ್ತೂ ಒಳ್ಳೆ ಕೆಲಸ ಹಿಡಿಯಂಗಿಲ್ಲ. ಶುಕ್ರಾರ ಮತ್ತ ವಾರ. ನಾ ಏನ್ ಮಾಡ್ಲಿರಿ? ಶನಿವಾರ ತಗದೆ. ವಹಿಯೊಳಗ ಮಾತ್ರ ಮಂಗಳಾರ ಅಂತ ಬರದೆ."

ಆ ಸೀಸೆ ಎಲ್ಲರನ್ನೂ ಬೆರಗುಗೊಳಿಸಿತು. ಸಾವಿರ ಪಟ್ಟು ನೀರು ಬೆರೆಸಿದರೂ ಅದು ಕ್ಯಾನ್ಸರ್ ಕಣವನ್ನು ಹುಡುಕಿ ಅಂಟಿಕೊಂಡಿತು, ಪಕ್ಕದ ಒಳ್ಳೆಯ ಕಣವನ್ನು ಮುಟ್ಟಲಿಲ್ಲ. ಹಣ ಕೊಡುವ ಮುಂಬೈಯ ಸಂಸ್ಥೆಯವರು ಮತ್ತೆ ಮಾಡಿ ತೋರಿಸಿ ಎಂದರು. ತಾರಾಬಾಯಿ ದಿನದ ದಾಖಲೆಯ ವಹಿ ನೋಡಿಕೊಂಡು, ಹತ್ತನೇ ದಿನವೇ ತಾವೇ ನಿಂತು ರಕ್ತ ತೆಗೆಸಿದರು. ಮೂರು ಸಲ ಮಾಡಿದರೂ ಮೊದಲಿನ ಬಲ ಬರಲಿಲ್ಲ. ತೋರಿಸಲು ಆಗದಿದ್ದರೆ ತಿಂಗಳ ಕೊನೆಗೆ ಪ್ರಯೋಗಶಾಲೆ ಮುಚ್ಚಿ ಎಂಬ ಪತ್ರ ಬಂತು. ಅಂಕಿಗಳನ್ನು ಕಟ್ಟಿ ಬರೆದಿದ್ದಾರೆ ಎಂಬ ಮಾತೂ ಹುಟ್ಟಿಕೊಂಡಿತು.

"ಬಾಯಾರು ಊಟ ಬಿಟ್ರು. ಹೇಳಿದ್ರ ನನ್ನ ಕೆಲಸ ಹೊಕ್ಕೈತಿ. ಹೇಳ್ದಿದ್ರ ಅವರ ಮರ್ಯಾದಿ ಹೊಕ್ಕೈತಿ. ನಾ ಬರದ ಸುಳ್ಳಿಗೆ ಅವರು ಸುಳ್ಳರು ಅನಿಸ್ಕೊಳ್ಳೂದಾ? ಮೂರು ದಿನ ತಡಕೊಂಡೆ, ನಾಕನೇ ದಿನ ಹೋಗಿ ಕಾಲ ಹಿಡಕೊಂಡೆ."

ತಾರಾಬಾಯಿ ಆ ದಿನ ನೆನೆದು ಈಗ ನಗುತ್ತಾರೆ. "ಸಿಟ್ಟು ನೆತ್ತಿಗೇರಿತ್ತು ನೋಡ್ರಿ. 'ವಹಿಯೊಳಗ ಸುಳ್ಳು ಬರೀಲಿಕ್ಕೆ ಹ್ಯಾಂಗ ಮನಸ್ಸು ಬಂತು ನಿನಗ?' ಅಂತ ಕೂಗ್ಯಾಡಿದೆ. ಆಮೇಲೆ ಬೆರಳು ಮಡಚಿ ಎಣಿಸಿದೆ. ಹದಿನಾಲ್ಕು! ನಾವು ಗಡಿಬಿಡಿ ಮಾಡಿ ಕಾಯಿ ಹರೀತಿದ್ವಿ, ಈಕಿ ಹಣ್ಣಾಗೂತನಕ ಕಾದಿದ್ಲು."

ಹದಿನಾಲ್ಕನೇ ದಿನ ತೆಗೆದ ರಕ್ತ ಮತ್ತೆ ಅದೇ ಬಲ ತೋರಿಸಿತು. ಪ್ರಯೋಗಶಾಲೆ ಉಳಿಯಿತು. ಆ ಪ್ರತಿಕಾಯಕ್ಕೆ ಔಷಧ ಕಟ್ಟಿ ಮುಂಬೈಯಲ್ಲಿ ಇಲಿಗಳಿಗೆ ಕೊಟ್ಟಾಗ ಗಂಟುಗಳು ಕರಗಿವೆ. ಹೊರದೇಶದ ಎರಡು ಪ್ರಯೋಗಶಾಲೆಗಳೂ ಈಗ ಬೆಟಗೇರಿಯ ಸೀಸೆಗಳನ್ನು ಕೇಳಿ ತರಿಸಿಕೊಳ್ಳುತ್ತವೆ. "ಮನುಷ್ಯರ ತನಕ ಮುಟ್ಟಲಿಕ್ಕೆ ಇನ್ನೂ ಭಾಳ ದಾರಿ ಅದ," ಎಂದು ತಾರಾಬಾಯಿ ಎಚ್ಚರಿಸುತ್ತಾರೆ. ಇರಲಿ, ಹುಲ್ಲಿನ ಹೊರೆ ಹೊತ್ತ ಈ ಹೆಂಗಸಿನಿಂದ ಕಡಲಾಚೆಯವರೆಗೆ ಹಬ್ಬಿದ ಆ ದಾರಿಯನ್ನು ನೆನೆದು ನನ್ನ ಮೈ ಜುಮ್ಮೆಂದಿದ್ದು ಸುಳ್ಳಲ್ಲ.

ಹಳೆಯ ವಹಿ ತರಿಸಿ ನೋಡಿದೆ. ಮಂಗಳವಾರದ ತಾರೀಖಿಗೆ ಅಡ್ಡಗೀಟು, ಪಕ್ಕದಲ್ಲಿ ಶನಿವಾರದ್ದು, ಕೆಳಗೆ ವಕ್ರ ಅಕ್ಷರದಲ್ಲಿ ದೇವವ್ವನ ರುಜು. ಹೊಸ ಹಾಳೆಯಲ್ಲಿ ಚೊಕ್ಕಟ ಬರೆಯೋಣ ಎಂದು ತಾರಾಬಾಯಿ ಅಂದಿದ್ದರಂತೆ. "ಬ್ಯಾಡ್ರಿ ಅಂದೆ. ಸುಳ್ಳೂ ಅಲ್ಲೇ ಇರ್ಲಿ, ಖರೆನೂ ಅಲ್ಲೇ ಇರ್ಲಿ." ಅಂದಿನಿಂದ ತಾರಾಬಾಯಿ ಪಂಚಾಂಗ ನೋಡಿಯೇ ಚುಚ್ಚುಮದ್ದಿನ ದಿನ ಇಡುತ್ತಾರೆ. ಹದಿನಾಲ್ಕನೇ ದಿನ ಮಂಗಳವಾರಕ್ಕೂ ಬೀಳುವುದಿಲ್ಲ, ಶುಕ್ರವಾರಕ್ಕೂ ಇಲ್ಲ.

ಏನಾದರೂ ಆಸೆ ಇದೆಯೇ ಎಂದು ಹೊರಡುವ ಮುಂಚೆ ಕೇಳಿದೆ. ದೇವವ್ವ ಮೊಲದ ಕಿವಿ ಸವರಿ ಅದನ್ನು ಗೂಡಿಗೆ ಬಿಟ್ಟರು.

"ಮುಂಬೈದಾಗ ಕಣ ದೊಡ್ಡದು ಮಾಡಿ ತೋರ್ಸೂ ದುರ್ಬೀನ ಐತಂತ್ರಿ. ನಮ್ಮ ಮೊಲದ ರಕ್ತ ಆ ಕಳ್ಳನ್ನ ಹಿಡದಿದ್ದು ಅದರಾಗ ಹಸರ ದೀಪದಂಗ ಕಾಣ್ತೈತಂತ. ನನ್ನ ಗಂಡನ್ನ ತಿಂದದ್ದು ಸಿಕ್ಕಿಬಿದ್ದದ್ದು ಒಮ್ಮೆ ಕಣ್ಣಿಲೆ ನೋಡಬೇಕ್ರಿ. ಅವರು ಯಾವತ್ತು ಕರದ್ರೂ ಹೊಕ್ಕೀನಿ." ಸೆರಗು ಸರಿಮಾಡಿಕೊಂಡರು. "ಮಂಗಳಾರ ಆದ್ರೂ ಹೊಕ್ಕೀನಿ. ದುರಗವ್ವಗ ನಾ ಹೇಳ್ಕೊಂತೀನಿ."