ಫಕೀರಪ್ಪನವರ ಎರಡನೆಯ ಬೋರ್ಡು

ಫಕೀರಪ್ಪನವರು ರೇಡಿಯೋದೊಳಗಿನ ಪಿನ್ನು ಎಣಿಸುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಎದುರಿಗೆ ನಿಂತ ಗಿರಾಕಿ ತಹಶೀಲ್ದಾರರಾದರೂ ಅಷ್ಟೇ, ಪಕ್ಕದ ಚಹಾದಂಗಡಿಯವನಾದರೂ ಅಷ್ಟೇ. ಶಿಗ್ಗಾಂವದ ಬಸ್‌ಸ್ಟ್ಯಾಂಡಿನ ಹಿಂದೆ ಅವರದು ರೇಡಿಯೋ ರಿಪೇರಿಯ ಅಂಗಡಿ. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ರಸ್ತೆಯಲ್ಲೇ ನಿಲ್ಲಬೇಕು, ಅಷ್ಟೇ ಜಾಗ. ನಾನು ಮೊದಲ ಸಲ ಹೋದಾಗ ಅವರನ್ನು ಮೂರು ಸಲ ಮಾತಾಡಿಸಿ, ಮೂರು ಸಲವೂ ಒಂದಕ್ಕೆ ಮರಳಿಸಿ, ಕೊನೆಗೆ ಬೈಸಿಕೊಂಡೆ. ಬೈಯುವಾಗಲೂ ಅವರು 'ರಿ' ಬಿಡುತ್ತಿರಲಿಲ್ಲ.

ಅವರ ತಂದೆ ತಡಸದಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಮಗ ಏಳನೆಯ ಇಯತ್ತೆ ಮುಗಿಸಿ ಹುಬ್ಬಳ್ಳಿಗೆ ಹೋಗಿ, ಒಂದು ರೇಡಿಯೋ ಅಂಗಡಿಯಲ್ಲಿ ಕಸ ಗುಡಿಸುತ್ತ, ನೋಡಿ ನೋಡಿ ಕೆಲಸ ಕಲಿತುಬಿಟ್ಟರು. ಎಪ್ಪತ್ತರ ದಶಕದ ಮೊದಲಿಗೆ ಶಿಗ್ಗಾಂವದಲ್ಲಿ ಸ್ವಂತ ಅಂಗಡಿ ಹಾಕಿದರು. ಆ ಹೊಸದರಲ್ಲಿ ಹತ್ತಿರದ ಹಳ್ಳಿಯ ದೊಡ್ಡ ಮನೆಯೊಂದರಿಂದ ಕರೆ ಬಂತಂತೆ. ಹೋಗಿ ನೋಡಿದರೆ ಕೆಟ್ಟ ರೇಡಿಯೋ ಪಡಸಾಲೆಯೊಳಗಿದೆ, ಇವರಿಗೆ ಮಾತ್ರ ಹೊರಗಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿದ್ದಾರೆ. ಫಕೀರಪ್ಪನವರು ಕೂರಲಿಲ್ಲ. "ರೇಡಿಯೋ ಒಳಗ ಐತಿ, ನನ್ನ ಹೊರಗ ಕುಂದ್ರಸೀರಿ. ನನ್ನ ಕೈ ಅಷ್ಟು ಉದ್ದ ಇಲ್ರಿ" ಎಂದು ಹೇಳಿ ನಡೆದೇ ವಾಪಸು ಬಂದರು. ಮೂರು ದಿನ ಆ ಮನೆಯವರು ಸುಮ್ಮನಿದ್ದು ನೋಡಿದರು. ನಾಲ್ಕನೆಯ ದಿನ ರೇಡಿಯೋ ಕೌದಿ ಹೊದ್ದುಕೊಂಡು ಚಕ್ಕಡಿಯಲ್ಲಿ ಅಂಗಡಿಗೇ ಬಂತು.

ಇದನ್ನು ಅವರು ನನಗೆ ನಗುನಗುತ್ತಲೇ ಹೇಳಿದ್ದರು. ಆದರೆ ಕೊನೆಗೆ ನಗು ನಿಲ್ಲಿಸಿ ಹೇಳಿದ ಮಾತು ಇದು: "ನಮ್ಮಂಥವರ ಕೈಯಾಗ ಒಂದು ರೇಡಿಯೋ ಸುಟ್ರ ಊರು ಇಪ್ಪತ್ತು ವರ್ಷ ನೆನಪಿಡತೈತ್ರಿ ಅಕ್ಕೋರ. ಅದಕ್ಕ ಎಣಸ್ತೇನಿ." ಅಲ್ಲಿಯವರೆಗೆ ಅವರ ಕೈಯಲ್ಲಿ ಒಂದೂ ಸುಟ್ಟಿರಲಿಲ್ಲ.

ನಾನು ಹಾನಗಲ್ಲಿನವಳು. ಎಂಬತ್ತರ ದಶಕದ ನಡುವೆ ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಲು ಸೇರಿದ್ದೆ. ಹುದ್ದೆ ತಾತ್ಕಾಲಿಕ, ವರ್ಷವರ್ಷವೂ ಹೊಸ ಆರ್ಡರ್ ಬರಬೇಕು. ಆ ವರ್ಷ ನಮಗೆ ಒಂದು ಕಂಪ್ಯೂಟರ್ ಕಿಟ್ ಬಂತು. ಕಂಪ್ಯೂಟರ್ ಎಂದರೆ ಈಗಿನ ಹಾಗೆ ಪರದೆ ಗಿರದೆ ಏನಿಲ್ಲ. ಒಂದೇ ಹಸಿರು ಹಲಗೆ, ಅದರ ಮೇಲೆ ಕ್ಯಾಲ್ಕ್ಯುಲೇಟರಿನಂಥ ಗುಂಡಿಗಳು, ಆರು ಕೆಂಪು ಅಂಕಿ, ಅಂಚಿನಲ್ಲಿ ಎರಡು ಸಾಲಾಗಿ ನಿಂತ ಸಣ್ಣ ಸಣ್ಣ ಪಿನ್ನುಗಳು. ಹೊರಗಿನ ದೀಪವನ್ನೋ ಮೋಟರನ್ನೋ ನಡೆಸಬೇಕಾದರೆ ಆ ಪಿನ್ನುಗಳಿಗೇ ತಂತಿ ಸಿಕ್ಕಿಸಬೇಕು. ಮಾರ್ಚಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಅದನ್ನೇ ಮಾಡಿ ತೋರಿಸಬೇಕಿತ್ತು. ಮೂವತ್ತು ಮಂದಿ ಸಿಕ್ಕಿಸಿ ಕಿತ್ತರೆ ಪಿನ್ನು ಉಳಿಯುತ್ತವೆಯೇ? ಪ್ರಿನ್ಸಿಪಾಲರು ಕಿಟ್ಟನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹೊರಗೆ ಒಯ್ಯುವ ಹಾಗಿಲ್ಲ, ಏನಾದರೂ ಆದರೆ ನಿಮ್ಮ ಆರ್ಡರ್ ಬರುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ತಿಳಿಸಿದರು.

ನಾನು ಮೊದಲ ಸಲ ಆ ಅಂಗಡಿಗೆ ಹೋಗಿ ಬೈಸಿಕೊಂಡದ್ದು ಇದಕ್ಕೇ. ಫಕೀರಪ್ಪನವರು ಕಾಲೇಜಿಗೆ ಬಂದು ಕಿಟ್ಟನ್ನು ನೋಡಿ ದಾರಿ ಹುಡುಕಿದರು. ಪಿನ್ನುಗಳ ಮೇಲೆ ಕೂರುವಂಥ ಒಂದು ಜೋಡುಬೋರ್ಡು ಮಾಡುವುದು, ಅದರ ಮೇಲೆ ಒಂದೊಂದು ಪಿನ್ನಿಗೂ ಒಂದೊಂದು ಹಿತ್ತಾಳೆ ತಿರುಪು. ಹುಡುಗರು ತಂತಿಯನ್ನು ತಿರುಪಿಗೆ ಕಟ್ಟಲಿ, ಬಿಚ್ಚಲಿ, ಎಳೆದಾಡಲಿ, ಪಿನ್ನಿಗೆ ಕೈ ತಾಗದು. ಕಿಟ್ ಅಂಗಡಿಗೆ ಬರುವ ಹಾಗಿಲ್ಲವಲ್ಲ, ಅದಕ್ಕೆ ಬಟ್ಟೆ ತೊಳೆಯುವ ಸಾಬೂನಿನ, ಅವರ ಮಾತಿನಲ್ಲಿ ಸಬಕಾರದ, ಒಂದು ಬಾರ್ ತಂದು ಪಿನ್ನುಗಳ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆದರು. ಅದನ್ನು ನೋಡಿಕೊಂಡು ತಾಮ್ರದ ಹಲಗೆಯ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದರು. ಬಣ್ಣ ನನ್ನದೇ. ರಸಾಯನದ ನೀರಿನಲ್ಲಿ ಅದ್ದಿದರೆ ಬಣ್ಣವಿದ್ದ ಕಡೆ ಮಾತ್ರ ತಾಮ್ರ ಉಳಿಯುತ್ತದೆ, ಮಿಕ್ಕದ್ದು ಕರಗಿ ಹೋಗುತ್ತದೆ. ತೂತು ಕೊರೆದದ್ದು ಮಾತ್ರ ತಂದೆಯ ಚಪ್ಪಲಿ ಹೊಲಿಯುವ ಸೂಜಿಯಿಂದ ಗುರುತು ಹಾಕಿಕೊಂಡು.

ಒಂದು ಶನಿವಾರ ಬೋರ್ಡನ್ನು ನನ್ನ ಕೈಗಿಟ್ಟು, ತಡಸದಲ್ಲಿ ಮದುವೆಯಿದೆ, ಸೋಮವಾರ ಬಂದು ಕಿಟ್ಟಿನ ಮುಂದೆ ಇಟ್ಟು ತಾಳೆ ನೋಡಿ ಹಚ್ಚುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದರು. ನನಗೆಲ್ಲಿಯ ತಾಳ್ಮೆ! ಹುಡುಗರು ಸುತ್ತ ನಿಂತಿದ್ದರು, ಕಪಾಟು ತೆರೆದಿತ್ತು. ಸಿಕ್ಕಿಸಿ ಸ್ವಿಚ್ ಒತ್ತಿದೆ. ಆರು ಅಂಕಿಗಳೂ ಒಮ್ಮೆ ಮಿಂಚಿ ಆರಿಹೋದವು. ಹಲಗೆಯ ಮೇಲಿನ ಒಂದು ಕಪ್ಪು ಚಿಪ್, ಐಸಿ ಅಂತಾರಲ್ಲ ಅದು, ಬೆರಳಿಡಲಾಗದಷ್ಟು ಕಾದು, ಸುಟ್ಟ ವಾಸನೆ ಬಂತು.

ಸೋಮವಾರ ಫಕೀರಪ್ಪನವರು ಬಂದು ಬೋರ್ಡನ್ನೂ ಕಿಟ್ಟನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಸಾಬೂನಿನ ಅಚ್ಚಿನಲ್ಲಿ, ರಬ್ಬರ್ ಠಸ್ಸೆಯ ಅಕ್ಷರದ ಹಾಗೆ, ಎಡದ್ದು ಬಲಕ್ಕೆ ಬಂದಿತ್ತು. ಅವರು ಎಣಿಸಿದ್ದರಲ್ಲಿ ತಪ್ಪಿರಲಿಲ್ಲ, ಎಣಿಸಿದ್ದೇ ತಿರುವುಮುರುವಾಗಿದ್ದ ಅಚ್ಚನ್ನು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ಯಾರು ಹಚ್ಚಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಫಕೀರಪ್ಪನವರು ಎದ್ದು ನಿಂತರು.

"ಬೋರ್ಡ್ ನಂದ್ರಿ, ತಪ್ಪೂ ನಂದ. ಹಚ್ರಿ ಅಂತ ಅಕ್ಕೋರಿಗೆ ನಾನ ಹೇಳಿದ್ದೆ."

ಅದು ಸುಳ್ಳು. ನನಗೆ ಗೊತ್ತು, ಅವರಿಗೆ ಗೊತ್ತು. ಪ್ರಿನ್ಸಿಪಾಲರು ಬಾಯಿಗೆ ಬಂದಂತೆ ಅಂದು, ಇನ್ನು ಕಾಲೇಜಿನ ಹೊಸ್ತಿಲು ತುಳಿಯಬೇಡ ಎಂದು ಕಳಿಸಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಇವತ್ತು ನೆನೆಸಿಕೊಂಡರೂ ಮುಖ ಬಿಸಿಯಾಗುತ್ತದೆ.

ವಾರದೊಳಗೆ ಸುದ್ದಿ ಸವಣೂರಿನವರೆಗೂ ಹೋಯಿತು, ಫಕೀರಪ್ಪ ಸರಕಾರಿ ಕಂಪ್ಯೂಟರ್ ಸುಟ್ಟ ಎಂದು. ನಾನು ಅಂಗಡಿಯ ಮುಂದೆ ನಿಂತಿದ್ದಾಗಲೇ ಒಬ್ಬರು ಬಂದು, ರಿಪೇರಿಗೆ ಕೊಟ್ಟಿದ್ದ ಟೇಪ್ ರೆಕಾರ್ಡರನ್ನು ಹಾಗೆಯೇ ವಾಪಸು ಕೇಳಿದರು. ಫಕೀರಪ್ಪನವರು ಅದರ ಧೂಳು ಒರೆಸಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಕೆಟ್ಟಿದ್ದು ರಿಪೇರಿ ಆಗಬೇಕ್ರಿ. ಕಿಟ್ ತರ್ರಿ" ಎಂದರು.

ಸತ್ತ ಕಿಟ್ಟಿಗೆ ಯಾರು ಕೀಲಿ ಹಾಕುತ್ತಾರೆ? ಅದು ಕಪಾಟಿನ ಮೇಲೆ ಬಿದ್ದಿತ್ತು. ಸಂತೆಚೀಲದಲ್ಲಿ ಮೆಂತೆಸೊಪ್ಪಿನ ಕೆಳಗಿಟ್ಟುಕೊಂಡು ಅಂಗಡಿಗೆ ಒಯ್ದೆ. ಅಂಥ ಐಸಿಗಾಗಿ ಅವರು ಮೂರು ಸಲ ಹುಬ್ಬಳ್ಳಿಗೆ ಹೋದರು. ನಲವತ್ತು ಕಾಲಿನ ಹುಳ ಅದು. ಸುಟ್ಟಿದ್ದರ ಒಂದೊಂದು ಕಾಲಿನ ಬೆಸುಗೆಯನ್ನೂ ಕರಗಿಸಿ ಬಿಡಿಸಲು ಎರಡು ದಿನ ಹಿಡಿಯಿತು. ನಡುವೆ ನಾನು ಪ್ರಿನ್ಸಿಪಾಲರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಮೊದಲು ಕೆಲಸ ಮುಗಿಯಲಿ ಎಂದು ಗದರಿಸಿದರು. ಹೊಸ ಐಸಿ ಕೂತು, ಕೆಂಪು ಅಂಕಿಗಳು ಮತ್ತೆ ಬೆಳಗಿದವು. ಮೊದಲ ಬೋರ್ಡನ್ನು ಸುತ್ತಿಗೆಯಿಂದ ಒಡೆದುಹಾಕಿ, ಎರಡನೆಯದನ್ನು ಕಿಟ್ಟನ್ನೇ ಎದುರಿಗಿಟ್ಟುಕೊಂಡು ಮಾಡಿದರು. ಎರಡನ್ನೂ ಅದೇ ಸಂತೆಚೀಲದಲ್ಲಿ ಕಾಲೇಜಿಗೆ ತಂದಿಟ್ಟೆ, ರಿಪೇರಿ ಯಾರು ಮಾಡಿದರೆಂದು ಪ್ರಿನ್ಸಿಪಾಲರು ಕೇಳಲಿಲ್ಲ.

ಪರೀಕ್ಷೆಯ ದಿನ ಮೂವತ್ತು ಮಂದಿಯೂ ತಂತಿ ಕಟ್ಟಿದರು, ಬಿಚ್ಚಿದರು. ಎಂಟು ಪುಟ್ಟ ದೀಪಗಳು ಹೇಳಿದಂತೆ ಹತ್ತಿ ಆರಿದವು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬೋರ್ಡನ್ನು ಮಗುಚಿ ನೋಡಿ, ಇಷ್ಟು ಚೊಕ್ಕ ಕೆಲಸ ಯಾರದು ಎಂದು ಕೇಳಿದರು. ಪ್ರಿನ್ಸಿಪಾಲರು ನಮ್ಮ ಹುಡುಗರು ಎನ್ನಲು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿ ಹೇಳಿಬಿಟ್ಟೆ. ಮಾಡಿದವರು ಬಸ್‌ಸ್ಟ್ಯಾಂಡಿನ ಫಕೀರಪ್ಪನವರು, ಸುಟ್ಟ ಕಿಟ್ಟಿಗೆ ಜೀವ ಕೊಟ್ಟವರೂ ಅವರೇ, ಬೇಡವೆಂದರೂ ಹಚ್ಚಿ ಸುಟ್ಟವಳು ನಾನು. ಪರೀಕ್ಷಕರು ಸಂಜೆ ಬಸ್ಸಿಗೆ ಹೋಗುವಾಗ ಅಂಗಡಿಯ ಮುಂದೆ ನಿಂತು, ಫಕೀರಪ್ಪನವರ ಜೊತೆ ಚಹಾ ಕುಡಿದರು. ಪಕ್ಕದಲ್ಲಿ ಪ್ರಿನ್ಸಿಪಾಲರೂ ಕುಡಿಯಬೇಕಾಯಿತು. ಬಜಾರೆಲ್ಲ ನೋಡಿತು. ಒಯ್ದಿದ್ದ ಟೇಪ್ ರೆಕಾರ್ಡರ್ ಮರುದಿನವೇ ವಾಪಸು ಬಂತು.

ಜೂನಿನಲ್ಲಿ ನನ್ನ ಆರ್ಡರ್ ಮಾತ್ರ ಬರಲಿಲ್ಲ. ಹಿರೇಕೆರೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕು, ಟ್ರಂಕು ಹಿಡಿದು ಬಸ್ಸಿಗೆ ನಿಂತಾಗ ಫಕೀರಪ್ಪನವರು ಅಂಗಡಿಯ ಬಾಗಿಲು ಎಳೆದು ಬಂದರು. ಅವರಿಗೆ ಸಿಟ್ಟು ಇಳಿದಿರಲಿಲ್ಲ.

"ಯಾಕ ಹೇಳಿದ್ರಿ? ನನಗ ಹೊಲಿಗಿ ಗೊತ್ತೈತಿ, ಬೆಸಿಗಿ ಗೊತ್ತೈತಿ, ಹೆಂಗರ ಉಣ್ತಿದ್ದೆ. ನಿಮಗೇನೈತಿ?"

"ನಿಮ್ಮ ಹೆಸರು ಕೆಡಿಸಿದಾಕಿ ನಾನು. ರಿಪೇರಿ ಯಾರು ಮಾಡಬೇಕಿತ್ರಿ?"

"ಸಬಕಾರದ ತಪ್ಪು ಮಾತ್ರ ನಂದ. ಅದನ್ನ ನೀವು ತಗೋಬ್ಯಾಡ್ರಿ" ಎಂದರು. ಆಮೇಲೆ ಅಲ್ಲಿಯ ಶಾಲೆಯಲ್ಲಿ ಕಿಟ್ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. "ತರಸ್ರಿ. ಬೋರ್ಡ್ ನಾ ಮಾಡ್ತೇನಿ." ಟ್ರಂಕನ್ನು ಅವರೇ ಬಸ್ಸಿಗೆ ಏರಿಸಿದರು.

ಕಿಟ್ ತರಿಸಲು ಎರಡು ವರ್ಷ ಅರ್ಜಿ ಬರೆದೆ. ಬಂದ ದಿನವೇ ಅವರಿಗೆ ಕಾರ್ಡು ಹಾಕಿದೆ. ಉತ್ತರ ಅವರ ಮಗಳಿಂದ ಬಂತು, ಅಪ್ಪ ಹೋಗಿ ನಾಲ್ಕು ತಿಂಗಳಾಯಿತು ಎಂದು. ಆ ದಿನ ತರಗತಿ ಬಿಟ್ಟು ಬಂದು ಅತ್ತೆ. ಮರುವಾರ ಹುಬ್ಬಳ್ಳಿಗೆ ಹೋಗಿ ತಾಮ್ರದ ಹಲಗೆ ತಂದೆ. ಎರಡು ಬೋರ್ಡು ಕೆಟ್ಟು ಮೂರನೆಯದು ಸರಿಬಂತು. ಅದರ ಮೂಲೆಯಲ್ಲಿ ಉಗುರುಬಣ್ಣದಿಂದ 'ಫಕೀರಪ್ಪ, ಶಿಗ್ಗಾಂವ' ಎಂದು ಬರೆದಿದ್ದೆ, ಹೆಸರು ತಾಮ್ರದಲ್ಲಿ ಉಳಿಯಿತು. ಪ್ರತಿ ವರ್ಷವೂ ಯಾರಾದರೂ ಒಬ್ಬ ಹುಡುಗಿ ಇವರು ಯಾರ್ರಿ ಎಂದು ಕೇಳುತ್ತಿದ್ದಳು. ಹೇಳುತ್ತಿದ್ದೆ, ನಾನು ಸುಟ್ಟ ಕಿಟ್ಟಿನಿಂದಲೇ ಶುರುಮಾಡಿ.