ಪರದೆಯ ಹಿಂದಿನ ಮಾತು

ದೆವ್ವ ಭೂತಗಳನ್ನು ನಾನು ನಂಬುತ್ತಿರಲಿಲ್ಲ. ದೆವ್ವ ತೋರಿಸಿಯೇ ಸಂಬಳ ತೆಗೆದುಕೊಳ್ಳುತ್ತಿದ್ದವನಿಗೆ ಅದರ ಭಯ ಎಲ್ಲಿಂದ ಬರಬೇಕು? ಮೂವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಸುತ್ತುತ್ತಿದ್ದ ಒಂದು ಟೆಂಟ್ ಸಿನಿಮಾದಲ್ಲಿ ನಾನು ಅರ್ಥ ಹೇಳುವವನಾಗಿದ್ದೆ. ಆಗ ನಮ್ಮ ಕಡೆಗೆ ಬರುತ್ತಿದ್ದವು ಇನ್ನೂ ಮೂಕಿ ಚಿತ್ರಗಳೇ. ಪರದೆಯ ಪಕ್ಕದಲ್ಲಿ ನಿಂತು, ಅದರಲ್ಲಿ ನಡೆಯುವುದನ್ನೆಲ್ಲ ಜನಕ್ಕೆ ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿ ಹೇಳುವುದು ನನ್ನ ಕೆಲಸ. ನನ್ನ ಗಂಟಲಿನ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಒಮ್ಮೆ ದೆವ್ವದ ಬಂಗಲೆಯ ಚಿತ್ರವೊಂದು ಬಂತು. ಯಾವುದೋ ದೂರದ ದೇಶದ್ದು. ಜನರನ್ನು ಹೆದರಿಸಲು ನಾನು ಪಡಬಾರದ ಪಾಡೆಲ್ಲ ಪಟ್ಟೆ. ಸೀಮೆಎಣ್ಣೆ ಡಬ್ಬ ಬಡಿದೆ, ಸರಪಳಿ ಎಳೆದಾಡಿದೆ, ನರಿಯ ಹಾಗೆ ಊಳಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ನೆಲದ ಟಿಕೆಟ್ಟು ತೆಗೆದು ಮರಳ ಮೇಲೆ ಕೂತವರಂತೂ ನನ್ನ ಜೊತೆಗೇ ಊಳಿಡತೊಡಗಿದರು.

ಶ್ರೀನಿವಾಸಪುರದಲ್ಲಿ ನನಗೆ ಚಳಿಜ್ವರ ಬಂದು ನಾಲ್ಕು ದಿನ ಮಲಗಿದೆ. ನನ್ನ ಜಾಗದಲ್ಲಿ ಟೆಂಟಿನ ಯಜಮಾನರು ಮಸ್ತಾನ್ ಸಾಬರನ್ನು ನಿಲ್ಲಿಸಿದರು. ಸಾಬರದು ಕೋಲಾರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ. ನಮ್ಮ ಅಡುಗೆ ಪಾತ್ರೆಗಳ ಕೆಲಸಕ್ಕೆ ಬಂದವರು ದಿನಾ ಚಿತ್ರ ನೋಡುತ್ತ ಉಳಿದುಕೊಂಡಿದ್ದರು. ಜ್ವರ ಬಿಟ್ಟ ಮೇಲೆ ಅವರ ಫಜೀತಿ ನೋಡಿ ನಗೋಣವೆಂದು ನಾನೂ ಜನರ ನಡುವೆ ಹೋಗಿ ಕೂತೆ.

ಅವರು ಕೂಗಲಿಲ್ಲ. ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು: “ನೋಡಿ, ಮನೇಲಿ ಯಾರೂ ಇಲ್ಲ. ಆದ್ರೆ ಒಲೇಲಿ ಕೆಂಡ ಇನ್ನೂ ಆರಿಲ್ಲ. ಹೊಸ್ತಿಲ ಹತ್ರ ಚಪ್ಪಲಿ ಐತೆ. ಒಂದೇ ಕಾಲಿಂದು.” ಚಿತ್ರದಲ್ಲಿ ಕೆಂಡವೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಆಮೇಲೆ ಮಹಡಿಯ ಕೋಣೆಯ ಬಾಗಿಲು ತಾನಾಗಿಯೇ ತೆರೆಯುವ ಹೊತ್ತಿಗೆ ಅವರು ಮಾತನ್ನೇ ನಿಲ್ಲಿಸಿಬಿಟ್ಟರು. ಇಡೀ ಟೆಂಟಿನಲ್ಲಿ ಯಂತ್ರದ ಕರಕರ ಒಂದೇ. ನನ್ನ ಮುಂದೆ ಕೂತಿದ್ದ ಹೆಂಗಸು ಮಗುವಿನ ಕಣ್ಣು ಮುಚ್ಚಿ ತಾನೂ ಕಣ್ಣು ಮುಚ್ಚಿಕೊಂಡಳು. ನನಗೂ ಮೈ ಜುಮ್ಮೆಂದಿತು. ಮರುಗಳಿಗೆಯೇ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಹೆಂಗಸು ಹೆದರಬೇಕಾದದ್ದು ನನ್ನ ಮಾತಿಗೆ, ಕಲಾಯಿಯವನ ಮಾತಿಗಲ್ಲ!

ಯಜಮಾನರು ಉರಿಗೆ ತುಪ್ಪ ಸುರಿದರು. “ಏಮಯ್ಯಾ, ಮಾಲೂರಿನ ಆಟದಿಂದ ಸಾಬ್ರೇ ನಿಂತ್ಕೊಳ್ಳಲಿ. ನೀನು ಬಾಗ್ಲಲ್ಲಿ ಟಿಕೆಟ್ ಹರ್ದು ಕೊಡು.” ಪರದೆಯ ಪಕ್ಕದ ಆ ಮೊಳದಷ್ಟು ಜಾಗ ಬಿಟ್ಟರೆ ಈ ಲೋಕದಲ್ಲಿ ನನ್ನದೆನ್ನುವ ಜಾಗವೇ ಇರಲಿಲ್ಲ.

ಟೆಂಟು ಮಾಲೂರಿಗೆ ಹೋಯಿತು; ಸಾಬರು ಕೋಲಾರದ ಅಂಗಡಿಗೆ ಮರಳಿ, ಆಟದ ಹೊತ್ತಿಗೆ ಬರುತ್ತೇನೆಂದಿದ್ದರು. ಶನಿವಾರ ಮೊದಲ ಆಟ. ಆ ಬೆಳಿಗ್ಗೆ ನಾನು ಕೋಲಾರದಲ್ಲಿ ಮಾಲೂರಿನ ಬಸ್ಸು ಹತ್ತುವ ಮುಂಚೆ ಸಾಬರ ಅಂಗಡಿಗೆ ಹೋಗಿ, “ಟೆಂಟಿನ ಕರೆಂಟ್ ಇಂಜಿನ್ ಕೆಟ್ಟಿದೆ ಸಾಬ್ರೇ, ಇವತ್ತು ಆಟ ಇಲ್ಲ. ನೀವು ಬರಬೇಡಿ,” ಎಂದೆ. ಯಜಮಾನರಿಗೆ, “ಸಾಬರಿಗೆ ಮದುವೆ ಮನೆಯ ಪಾತ್ರೆಗಳು ಬಂದಿವೆ, ಪುರುಸೊತ್ತಿದ್ದರೆ ಮಾತ್ರ ಬರುತ್ತಾರಂತೆ,” ಎಂದೆ. ಎರಡೂ ಸುಳ್ಳು.

ಸಂಜೆ ನಾನೇ ನಿಂತೆ. ನಾಚಿಕೆ ಬಿಟ್ಟು ಸಾಬರ ಕೆಂಡವನ್ನೂ ಚಪ್ಪಲಿಯನ್ನೂ ಕದ್ದು ಹೇಳಿದೆ. ಬಾಗಿಲು ತೆರೆಯುವಾಗ ಅವರ ಹಾಗೆಯೇ ಬಾಯಿ ಮುಚ್ಚಿದೆ. ಯಂತ್ರದ ಕರಕರ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಟೆಂಟಿನ ತುಂಬ “ಅಯ್ಯೋ” ಎಂಬ ಉದ್ಗಾರ ಎದ್ದಿತು. ಒಬ್ಬಳು ಚೀರಿದಳು, ಯಾರೋ ಕೂತವರನ್ನು ತುಳಿದುಕೊಂಡು ಹೊರಗೆ ಓಡಿದರು. ಗೆದ್ದೆನೆಂದು ನಾನು ಒಳಗೊಳಗೇ ಕುಣಿದೆ.

ಆಟ ಮುಗಿದ ಮೇಲೆ ಯಜಮಾನರು ಬೆನ್ನು ತಟ್ಟಿದರು. “ಇಬ್ರೂ ಸೇರಿ ಹೇಳಿದ್ದು ಬಲೇ ಚೆನ್ನಾಗಿತ್ತಯ್ಯಾ. ಸಾಬ್ರು ಊಟಕ್ಕೂ ನಿಲ್ದೆ ಎಲ್ಲಿಗೆ ಹೋದ್ರು?”

ನನಗೆ ಅರ್ಥವಾಗಲಿಲ್ಲ. ಟೆಂಟಿನ ಮುಂದೆ ಕಡಲೆಕಾಯಿ ಮಾರುವ ಮುನಿವೆಂಕಟಮ್ಮ ಮಧ್ಯೆ ಬಾಯಿ ಹಾಕಿದಳು. “ನೀವು ಸುಮ್ಕಾದ್ರಲ್ಲ ಸಾಮಿ, ಆಗ ಸಾಬ್ರು ಪರದೆ ಹಿಂದ್ಲಿಂದ ‘ಬರಬೇಡ ಅಂದ್ರು, ಬಂದ್ಬಿಟ್ಟೆ’ ಅಂದ್ರು ನೋಡಿ, ನನ್ನ ಎದೆ ಝಲ್ ಅಂತು!”

ಓಡಿಹೋಗಿ ಪರದೆಯ ಹಿಂದೆ ನೋಡಿದೆ. ನೀರಿನ ಹಂಡೆ, ನಾಲ್ಕು ಬಿದಿರು ಗಳ. ಬೇರೇನೂ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಕೋಲಾರಕ್ಕೆ ಹೋದೆ. ಸಾಬರು ತಿದಿ ಒತ್ತುತ್ತ ಕೂತಿದ್ದರು. ಅವರ ಸುತ್ತ ಮದುವೆ ಮನೆಯ ಕೊಳಗ, ಕೊಪ್ಪರಿಗೆಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನಾನು ಹೇಳಿದ ಒಂದು ಸುಳ್ಳು ನಿಜವೇ ಆಗಿತ್ತು. “ನೀವು ಹೋದ್ಮೇಲೆ ಬಂದ ಕೆಲ್ಸ. ಕತ್ಲಾದ್ರೂ ಮೇಲೆ ಏಳಲಿಲ್ಲ,” ಎಂದರು. ಅಷ್ಟೊಂದು ಪಾತ್ರೆ ಮುಗಿಸಿದವರು ಮಾಲೂರಿಗೆ ಬಂದು ಹೋಗಿರಲು ಸಾಧ್ಯವೇ ಇರಲಿಲ್ಲ.

ಬೇರೇನನ್ನೂ ಕೇಳಲು ಧೈರ್ಯವಾಗದೆ, “ಬಾಗಿಲು ತೆರೆಯುವಾಗ ನೀವು ಮಾತು ನಿಲ್ಲಿಸುತ್ತೀರಲ್ಲ, ಯಾಕೆ?” ಎಂದೆ.

“ನಾನು ಹೇಳಿದ್ರೆ ನನ್ನ ದೆವ್ವ ಬರ್ತದೆ ಸಾಮಿ, ಅದಕ್ಕೆ ಯಾರು ಹೆದರ್ತಾರೆ? ಸುಮ್ನಿದ್ರೆ ಅವರವರು ಬಚ್ಚಿಟ್ಟಿದ್ದು ಅವರವರಿಗೇ ಕೇಳ್ತದೆ.” ಆಮೇಲೆ ಮುಗ್ಧವಾಗಿ ಕೇಳಿದರು: “ಇಂಜಿನ್ ಸರಿ ಹೋಯ್ತಾ?”

“ಇನ್ನೂ ಇಲ್ಲ,” ಎಂದೆ.

ಕೆಲವೇ ದಿನಗಳಲ್ಲಿ ಟಾಕಿ ಬಂದು ಅರ್ಥ ಹೇಳುವವರ ಕಾಲವೇ ಮುಗಿಯಿತು. ಸಾಬರಿಗೆ ನಾನು ನಿಜ ಹೇಳಲೇ ಇಲ್ಲ. ಮಾಲೂರಿನ ಆ ಸಂಜೆ ಏನಾಯಿತೆಂದು ನನಗೆ ಈಗಲೂ ಗೊತ್ತಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಆ ಗಳಿಗೆಯನ್ನು ನೆನಪಿಗೆ ತಂದುಕೊಂಡಿದ್ದೇನೆ. ಯಂತ್ರದ ಕರಕರವಲ್ಲದೆ ಬೇರೇನೂ ಕೇಳುವುದಿಲ್ಲ. ನಾನು ಬಚ್ಚಿಟ್ಟದ್ದು ಟೆಂಟಿನಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು, ನನ್ನೊಬ್ಬನನ್ನು ಬಿಟ್ಟು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದನ್ನು ಕೇಳಿಸಿಕೊಂಡವರನ್ನು ನೆನೆದರೆ ಇಂದಿಗೂ ನನಗೆ ಹೊಟ್ಟೆಕಿಚ್ಚು.