ಗೋಡೆಗೆ ಬಣ್ಣ ಬಂದ ವರ್ಷ

ಕಾಶೀಬಾಯಿ ಅಕ್ಕ, ನಿಮ್ಮ ರೇಣುಕಾ ಏಳನೆಯ ತರಗತಿಗೇ ಶಾಲೆ ಬಿಟ್ಟದ್ದು ಸಮಿತಿಯ ಗಂಡಸರಿಂದಲ್ಲ. ನನ್ನಿಂದ. ಅಂದು ನಾನು ನಿಮಗೆ ಸುಳ್ಳು ಹೇಳಿದ್ದೆ.

ಆ ವರ್ಷ ನಮ್ಮೂರ ಸರ್ಕಾರಿ ಶಾಲೆಗೆ ಅನುದಾನ ಬಂದಿತ್ತು. ಮಗ ಅಲ್ಲೇ ಓದುತ್ತಿದ್ದುದರಿಂದ ಶಾಲಾ ಸಮಿತಿಯಲ್ಲಿ ನಾನೂ ಇದ್ದೆ. ಸಭೆಯ ಹಿಂದಿನ ಸಂಜೆ ನೀವು ನಿಂಬೆ ತೋಟದಿಂದ ನೇರ ನಮ್ಮ ಹಿತ್ತಲಿಗೆ ಬಂದಿರಿ — ಮೊಣಕೈತನಕ ಮುಳ್ಳು ಗೀರಿದ ಗೆರೆಗಳು.

"ವೈನಿ, ಹುಡುಗ್ಯಾರ ಪಾಯಖಾನಿಗೆ ಬಾಗಿಲಿಲ್ಲ, ನೀರಿಲ್ಲ. ನಮ್ಮ ರೇಣಿ ಸಾಲಿ ಬಿಡೂತನಕ ಹನಿ ನೀರ ಕುಡಿಯಂಗಿಲ್ಲ. ನಾ ಹೇಳಿದ್ರ ಯಾರ ಕೇಳ್ತಾರ? ನೀವು ಕಾನ್ವೆಂಟ್ ಕಲ್ತಾವ್ರು. ನೀವ ಹೇಳ್ರಿ."

ಊರಿಗೆಲ್ಲ ನಾನು ವೈನಿ, ಅತ್ತಿಗೆ; ಹೇಳುತ್ತೇನೆ ಎಂದೆ. ನೀವು ನಂಬಿ ಹೋದಿರಿ.

ಮರುದಿನ ಮುಖ್ಯ ಗುರುಗಳು ಮೊದಲು ನನ್ನನ್ನೇ ಕೇಳಿದರು. "ರೊಕ್ಕ ಯಾವುದಕ್ಕ ಹಾಕೂಣ್ರಿ, ವೈನಿ?"

ಎದುರಿಗೆ ಗಂಡನ ದೊಡ್ಡಪ್ಪ ಅಡಕೊತ್ತಿನಲ್ಲಿ ಅಡಿಕೆ ಹೋಳು ಮಾಡುತ್ತ ಕೂತಿದ್ದರು. ಅವರ ಮುಂದೆ ಪಾಯಖಾನೆಯ ಮಾತು ಹೇಗೆ ಆಡಲಿ? ನಮ್ಮ ಕಾನ್ವೆಂಟಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಕಿರುಬೆರಳು ಎತ್ತಿದರೆ ಸಿಸ್ಟರ್ ತಲೆಯಾಡಿಸುತ್ತಿದ್ದರು. ಅಂದೂ ಸೆರಗಿನ ಒಳಗೆ ನನ್ನ ಕಿರುಬೆರಳು ತಾನಾಗಿ ನೆಟ್ಟಗಾಯಿತು — ಅದು ಯಾರಿಗೆ ಕಾಣಬೇಕು?

"ಗ್ವಾಡಿಗೆ ಬಣ್ಣ ಹಚ್ಚಸೂಣ್ರಿ," ಎಂದುಬಿಟ್ಟೆ.

"ಚೊಲೋ ಆತು, ಸಾಲಿ ಮದವಿ ಮನಿ ಆಗತೈತಿ," ಎಂದು ಯಾರೋ ನಕ್ಕರು. ಮುಖ್ಯ ಗುರುಗಳು, "ನೀವು ಏನಂದ್ರೂ ನಾವು ಹೂಂ ಅನ್ನಾವ್ರ ಇದ್ವಿ ಬಿಡ್ರಿ," ಎಂದರು.

ಏನಂದರೂ... ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಸಂಜೆ ನೀವು ಕೇಳಿದಾಗ, "ಗಂಡಸರು ಒಪ್ಪಲಿಲ್ರಿ, ಅಕ್ಕ," ಎಂದೆ.

"ಹೋಗ್ಲಿ ಬಿಡ್ರಿ, ಅವರಿಗೇನ ತಿಳೀತೈತಿ? ನೀವರ ಕೇಳಿದ್ರಲ್ಲ." ನನ್ನನ್ನೇ ಸಮಾಧಾನ ಮಾಡಿ ಉಡಿಯಿಂದ ನಿಂಬೆಹಣ್ಣು ತೆಗೆದು ಕೊಟ್ಟಿರಿ. ನಾನು — ತೆಗೆದುಕೊಂಡೆ.

ಗೋಡೆಯ ಮೇಲೆ ನವಿಲು ಬಂತು, ಎಬಿಸಿಡಿ ಬಂತು. ರೇಣುಕಾ ದೊಡ್ಡವಳಾದ ಮೇಲೆ ಆ ಅಂಗಳಕ್ಕೆ ಬರಲಿಲ್ಲ. ನಿಮ್ಮ ಪಕ್ಕದಲ್ಲಿ ಕೂತು ಇಂಡಿ ಪಟ್ಟಣದ ಪೇಟೆಗೆ ಹೋಗುವ ನಿಂಬೆ ಆರಿಸತೊಡಗಿದಳು. ಇಂದಿಗೂ ಆರಿಸುತ್ತಾಳೆ.

ಈಗ ನಿಮ್ಮ ಕಿರಿಯವಳು ಆರನೆಯ ತರಗತಿ. ಪಾಯಖಾನೆಗೆ ಬಾಗಿಲು ಇನ್ನೂ ಇಲ್ಲ. ಮೊನ್ನೆ ಶಾಲೆ ಬಿಟ್ಟಾಗ ನೋಡಿದೆ — ಅವಳ ನೀರಿನ ಬಾಟಲಿ, ಬೆಳಿಗ್ಗೆ ತುಂಬಿಸಿದ್ದು, ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು.

ಈ ವರ್ಷದ ಅನುದಾನ ಬಂದಿದೆ, ಸೋಮವಾರ ಸಭೆ. ನೀವೂ ಬನ್ನಿ. ಅಂದು ನಾನು ಆಡದ ಮಾತನ್ನೂ ನಿಮಗೆ ಆಡಿದ ಸುಳ್ಳನ್ನೂ ದೊಡ್ಡಪ್ಪನವರ ಎದುರಿಗೇ ಹೇಳುತ್ತೇನೆ. ಆಮೇಲೆ ಪಾಯಖಾನೆ, ಬಾಗಿಲು, ನೀರು — ಗಟ್ಟಿಯಾಗಿ. ಒಪ್ಪುವತನಕ ಎದ್ದು ಬರುವುದಿಲ್ಲ.

ರೇಣುಕಾಳ ವರ್ಷಗಳನ್ನು ನಾನು ತಿರುಗಿ ಕೊಡಲಾರೆ. ನೀವು ಇನ್ನು ನನ್ನನ್ನು ವೈನಿ ಎನ್ನದಿದ್ದರೂ ಸರಿಯೇ. ಸಣ್ಣವಳ ಬಾಟಲಿ ಮಾತ್ರ ಖಾಲಿಯಾಗಿ ಮನೆಗೆ ಬರಬೇಕು.